ಈ ಸಲ ನೆಲವೇ ಡೊಂಕು ಸ್ವಾಮೀ!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನಮ್ಮ ಸಾಫ್ಟ್‌ವೇರ್ ಮಂದಿಗೆ ತುಂಬಾ ಇಷ್ಟ. ಯಾರಾದರೂ ಹೊಸಬರು ಪೈಥಾನ್ ಕಲಿಯೋಕೆ ಕೂತು, ಮೊದಲ ವಾರದಲ್ಲೇ 'ಮಾಡ್ಯೂಲ್ ನಾಟ್ ಫೌಂಡ್ ಎರರ್' ಬಂತು ಅಂತ ಮುಖ ಸಣ್ಣಗೆ ಮಾಡಿಕೊಂಡು ಬಂದರೆ ಸಾಕು, ಒಬ್ಬರಲ್ಲ ಒಬ್ಬರು ಇದನ್ನು ಹೇಳಿಯೇ ಹೇಳ್ತಾರೆ. ಗಾದೆಯನ್ನೇ ಹೇಳದಿದ್ದರೂ ಅದೇ ಅರ್ಥದ ಇನ್ನೊಂದು ಮಾತು ಬರುತ್ತೆ: "ಒಂದು ಲೈಬ್ರರಿ ಹಾಕ್ಕೊಳ್ಳೋಕೆ ಬರಲ್ಲ ಅಂದ್ರೆ ಇನ್ನು ಕೋಡ್ ಏನು ಬರೀತೀಯ?"

ಈ ಪೋಸ್ಟು ಕುಣಿಯೋಕೆ ಬಂದವರ ಪರವಾಗಿ. ನಾನು ನೆಲವನ್ನ ಅಳತೆ ಮಾಡಿ ನೋಡಿದ್ದೀನಿ, ಡೊಂಕಾಗೇ ಇದೆ. (ಆರೇಳು ವರ್ಷದಿಂದ ಇದೇ ನೆಲದ ಮೇಲೆ ಕುಣಿದು ಹೊಟ್ಟೆ ಹೊರೀತಿದ್ದೀನಿ, ಹಾಗಾಗಿ ಹೇಳೋ ಹಕ್ಕಿದೆ ಅಂದುಕೊಂಡಿದ್ದೀನಿ :-) )

'ಅಯ್ಯೋ ಇದು ಟೆಕ್ನಿಕಲ್ ಪೋಸ್ಟು' ಅಂತ ಕಥೆ ಕವನ ಬರೆಯೋ ಗೆಳೆಯರು ಇಲ್ಲೇ ಎದ್ದು ಹೋಗಬೇಡಿ. ನಿಮಗೂ ಇದರ ಅನುಭವ ಆಗಿದೆ. ಹಿಂದೆ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಪುಟ ತೆರೆದರೆ ಅಕ್ಷರದ ಬದಲು ಸಾಲು ಸಾಲು ಚೌಕಗಳು ಕಾಣಿಸ್ತಿದ್ದವು, ನೆನಪಿದೆಯಾ? ಬರೆದವರು ಸರಿಯಾಗೇ ಬರೆದಿದ್ದರು. ಓದೋರಿಗೂ ಓದೋಕೆ ಬರ್ತಿತ್ತು. ಮಧ್ಯೆ ಆ ಯಂತ್ರಕ್ಕೆ ಅಕ್ಷರದ ರೂಪವನ್ನ ಎಲ್ಲಿಂದ ತರಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ. ಆಗ ಯಾರಾದರೂ ಬಂದು 'ನಿಮಗೆ ಕನ್ನಡ ಓದೋಕೆ ಬರಲ್ಲ' ಅಂದಿದ್ದರೆ ನಾವು ಸುಮ್ಮನಿರ್ತಿದ್ವಾ? ಹೊಸಬರಿಗೆ ನಾವು ಈಗ ಹೇಳ್ತಿರೋದು ಅದನ್ನೇ.

ವಿಷಯಕ್ಕೆ ಬರೋಣ. ಪೈಥಾನ್ ಅನ್ನೋದು ಗಿಡೋ ವಾನ್ ರೋಸಮ್ 1991ರಲ್ಲಿ ಮೊದಲು ಹೊರಬಿಟ್ಟ ಪ್ರೋಗ್ರಾಮಿಂಗ್ ಭಾಷೆ. ಓದೋಕೆ ಸುಲಭ, ಬರೆಯೋಕೆ ಸುಲಭ ಅಂತ ಇವತ್ತು ಶಾಲೆಯಿಂದ ಹಿಡಿದು ಎಂಜಿನಿಯರಿಂಗ್ ತನಕ ಎಲ್ಲ ಕಡೆ ಇದನ್ನೇ ಹೇಳಿಕೊಡ್ತಾರೆ. ಇದರಲ್ಲಿ ಬೇರೆಯವರು ಬರೆದಿಟ್ಟ ಕೋಡನ್ನ ನಾವು ಬಳಸಬೇಕು ಅಂದರೆ 'ಇಂಪೋರ್ಟ್' ಅಂತ ಬರೆದು ಆ ಮಾಡ್ಯೂಲಿನ ಹೆಸರು ಹೇಳಬೇಕು. 'ಇಂಪೋರ್ಟ್ ಪ್ಯಾಂಡಾಸ್' ಅಂದರೆ ಪ್ಯಾಂಡಾಸ್ ಬರುತ್ತೆ. ಬರಬೇಕು. ಬರದಿದ್ದಾಗ ಕೆಂಪಕ್ಷರದಲ್ಲಿ ಒಂದು ಸಾಲು: 'ನೋ ಮಾಡ್ಯೂಲ್ ನೇಮ್ಡ್ ಪ್ಯಾಂಡಾಸ್'. ಪ್ಯಾಂಡಾಸ್ ಅನ್ನೋ ಹೆಸರಿನ ಮಾಡ್ಯೂಲ್ ಇಲ್ಲ.

ಇಲ್ಲಿ ಒಳಗೆ ಏನು ನಡೀತು ಅಂತ ಒಬ್ಬ ಪೋಸ್ಟ್‌ಮ್ಯಾನ್ ಲೆಕ್ಕದಲ್ಲಿ ಹೇಳ್ತೀನಿ. ಪೈಥಾನ್ ಕೈಯಲ್ಲಿ ಒಂದು ಚೀಟಿ ಇರುತ್ತೆ. ಅದರ ಹೆಸರು 'ಸಿಸ್ ಡಾಟ್ ಪಾತ್'. ಅದರಲ್ಲಿ ಕೆಲವು ಬೀದಿಗಳ ಹೆಸರು, ಅಂದರೆ ಫೋಲ್ಡರುಗಳ ಹೆಸರು, ಒಂದರ ಕೆಳಗೊಂದು ಬರೆದಿರುತ್ತೆ. ಮೊದಲನೇದು ನೀವು ಓಡಿಸ್ತಿರೋ ಫೈಲ್ ಇರೋ ಫೋಲ್ಡರು. ಆಮೇಲೆ ನೀವಾಗಿ ಏನಾದರೂ ಸೇರಿಸಿದ್ದರೆ ಅದು. ಆಮೇಲೆ ಪೈಥಾನ್ ಜೊತೆಗೇ ಬರೋ ಮಾಡ್ಯೂಲುಗಳ ಮನೆ. ಕೊನೆಗೆ ನಾವು ಹೊರಗಿನಿಂದ ತಂದು ಹಾಕಿಕೊಂಡಿದ್ದು ಇರೋ 'ಸೈಟ್ ಪ್ಯಾಕೇಜಸ್' ಅನ್ನೋ ಫೋಲ್ಡರು. ಪೋಸ್ಟ್‌ಮ್ಯಾನ್ ಇದೇ ಕ್ರಮದಲ್ಲಿ ಹೋಗ್ತಾನೆ. ಹೇಳಿದ ಹೆಸರಿನ ಬೋರ್ಡು ಯಾವ ಮನೆ ಮುಂದೆ ಮೊದಲು ಕಾಣಿಸುತ್ತೋ ಅಲ್ಲೇ ಕಾಗದ ಕೊಟ್ಟು ವಾಪಸ್ ಬರ್ತಾನೆ. ಮುಂದಿನ ಬೀದಿ ಕಡೆ ತಿರುಗಿಯೂ ನೋಡಲ್ಲ. ಚೀಟಿ ಮುಗಿದರೂ ಸಿಗದಿದ್ದರೆ ಬಂದು 'ಅಂಥವರು ಯಾರೂ ಇಲ್ಲ ಸಾರ್' ಅಂತಾನೆ.

ಗಮನಿಸಿ. 'ನನ್ನ ಚೀಟಿಯಲ್ಲಿರೋ ಬೀದಿಗಳಲ್ಲಿ ಇಲ್ಲ' ಅನ್ನಬೇಕಾದವನು 'ಇಲ್ಲವೇ ಇಲ್ಲ' ಅಂತಾನೆ. ಪ್ಯಾಂಡಾಸ್ ಪಕ್ಕದ ಬೀದಿಯಲ್ಲಿ, ಅಂದರೆ ಅದೇ ಕಂಪ್ಯೂಟರಿನ ಇನ್ನೊಂದು ಪೈಥಾನಿನ ಫೋಲ್ಡರಿನಲ್ಲಿ, ಆರಾಮಾಗಿ ಕಾಲು ಚಾಚಿ ಕೂತಿರುತ್ತೆ. ಐದು ನಿಮಿಷದ ಹಿಂದೆ 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್' ಅಂತ ಅದೇ ಪರದೆ ಮೇಲೆ ಓದಿದ ಹುಡುಗನಿಗೆ ಈಗ 'ಇಲ್ಲ' ಅಂದರೆ ಅವನು ಯಾವುದನ್ನ ನಂಬಬೇಕು? ಯಂತ್ರ ಸುಳ್ಳು ಹೇಳಲ್ಲ ಅಂತ ಎಲ್ಲರೂ ಹೇಳಿಕೊಟ್ಟಿರ್ತಾರೆ. ಹಾಗಾದರೆ ತಪ್ಪು ನನ್ನದೇ ಅಂದುಕೊಳ್ತಾನೆ.

ಇದು ಹೀಗೇ ಇರಬೇಕಾದ್ದು, ಬೇರೆ ದಾರಿ ಇಲ್ಲ ಅನ್ನೋರಿಗೆ ಒಂದು ಉದಾಹರಣೆ. ಪೈಥಾನಿಗಿಂತ ಹಳೇ ಭಾಷೆ ಪರ್ಲ್, 1987ರದ್ದು. ಅದರಲ್ಲಿ ಮಾಡ್ಯೂಲ್ ಸಿಗದಿದ್ದರೆ ಸಿಗಲಿಲ್ಲ ಅನ್ನೋದರ ಜೊತೆಗೆ ತಾನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಿದೆ ಅನ್ನೋ ಪೂರ್ತಿ ಪಟ್ಟಿಯನ್ನ ಅದೇ ಸಂದೇಶದಲ್ಲೇ ಅಚ್ಚು ಹಾಕುತ್ತೆ. ಈಚಿನ ಆವೃತ್ತಿಗಳಲ್ಲಂತೂ 'ನೀವು ಈ ಮಾಡ್ಯೂಲನ್ನ ಇನ್‌ಸ್ಟಾಲ್ ಮಾಡಬೇಕಾಗಬಹುದು' ಅಂತಲೂ ಸೇರಿಸುತ್ತೆ. ನೋಡೋಕೆ ಚೆಂದ ಇಲ್ಲ ಅಂತ ಪರ್ಲನ್ನ ಆಡಿಕೊಂಡು ನಗೋರು ನಾವು. ಆದರೆ ಈ ಒಂದು ವಿಷಯದಲ್ಲಿ ಆ ಮುದುಕನಿಗಿರೋ ಸೌಜನ್ಯ 'ಓದೋಕೆ ಸುಲಭ' ಅಂತ ಹೆಸರು ಮಾಡಿದ ಪೈಥಾನಿಗೆ ಇಲ್ಲ.

'ಉದ್ದ ಸಂದೇಶ ಕೊಟ್ಟರೆ ಹೊಸಬರು ಹೆದರ್ತಾರೆ' ಅಂತ ಒಂದು ವಾದ ಇದೆ. ಉದ್ದಕ್ಕೆ ಯಾರೂ ಹೆದರಲ್ಲ ಸ್ವಾಮೀ. ಮುಂದೇನು ಮಾಡಬೇಕು ಅಂತ ಒಂದು ಸುಳಿವೂ ಇಲ್ಲದಿದ್ದಾಗ ಹೆದರ್ತಾರೆ. ಆಸ್ಪತ್ರೆಯಲ್ಲಿ 'ಆ ಕೋಣೆ ಇಲ್ಲ' ಅಂದರೆ ಗಾಬರಿ ಆಗುತ್ತೆ. 'ಮೊದಲನೇ ಮಹಡಿ, ಎರಡನೇ ಮಹಡಿ ನೋಡಿದೆ, ಹಿಂದಿನ ಬ್ಲಾಕು ನೋಡಿಲ್ಲ' ಅಂದರೆ ಹಿಂದಿನ ಬ್ಲಾಕಿಗೆ ಹೋಗ್ತೀವಿ. ಅಷ್ಟೇ ವ್ಯತ್ಯಾಸ.

ನೆಲ ಇನ್ನೂ ಎಲ್ಲೆಲ್ಲಿ ಡೊಂಕು ಅಂತ ಎಣಿಸ್ತೀನಿ, ತಾಳ್ಮೆ ಇರಲಿ.

ಒಂದು, ಯಾವ ಪೈಥಾನ್ ಅನ್ನೋ ಗೊಂದಲ. ಒಂದೇ ಕಂಪ್ಯೂಟರಿನಲ್ಲಿ ಮೂರು ನಾಲ್ಕು ಪೈಥಾನ್ ಇರೋದು ಮಾಮೂಲಿ. ಕೆಲವು ಕಡೆ 'ಪೈಥಾನ್' ಅಂದರೆ ಓಡುತ್ತೆ, ಕೆಲವು ಕಡೆ 'ಪೈಥಾನ್3' ಅನ್ನಬೇಕು, ವಿಂಡೋಸಿನಲ್ಲಿ 'ಪಿವೈ' ಅಂದರೂ ಆಗುತ್ತೆ. ವಿಂಡೋಸಿನಲ್ಲಿ ಪೈಥಾನ್ ಹಾಕಿಕೊಳ್ಳದೆ 'ಪೈಥಾನ್' ಅಂತ ಟೈಪ್ ಮಾಡಿದರೆ ಮೈಕ್ರೋಸಾಫ್ಟಿನ ಅಂಗಡಿ ಬಾಗಿಲು ತೆರೆದುಕೊಳ್ಳುತ್ತೆ! ಮ್ಯಾಕಿನಲ್ಲಿ ಜೊತೆಗೇ ಬರ್ತಿದ್ದ ಹಳೇ ಪೈಥಾನ್ 2.7 ಅನ್ನು 2022ರ 12.3 ಆವೃತ್ತಿಯಲ್ಲಿ ತೆಗೆದುಹಾಕಿದರು. ಇದರ ಮೇಲೆ, ಮಾಡ್ಯೂಲ್ ತಂದು ಹಾಕೋ 'ಪಿಪ್' ಅನ್ನೋದು ಬೇರೆಯೇ ಪ್ರೋಗ್ರಾಮು. ನೀವು ಬರೀ 'ಪಿಪ್' ಅಂತ ಕರೆದರೆ ಯಾವ ಪೈಥಾನಿಗೆ ಸೇರಿದ ಪಿಪ್ ಓಗೊಡುತ್ತೆ ಅನ್ನೋದು ನಿಮ್ಮ ಯಂತ್ರದ ಹಣೆಬರಹ. ಅತ್ತೆ ಮನೆ ಅಡುಗೆಮನೆಯಲ್ಲಿ ಅಕ್ಕಿ ತಂದಿಟ್ಟು, ತವರುಮನೆಯಲ್ಲಿ ಒಲೆ ಹಚ್ಚಿ, ಅಕ್ಕಿ ಎಲ್ಲಿ ಅಂತ ಹುಡುಕಿದ ಹಾಗೆ.

ಎರಡು, ಹೆಸರಿನ ಗೊಂದಲ. ಇನ್‌ಸ್ಟಾಲ್ ಮಾಡುವಾಗ ಒಂದು ಹೆಸರು, ಇಂಪೋರ್ಟ್ ಮಾಡುವಾಗ ಇನ್ನೊಂದು. 'ಪಿಲ್ಲೋ' ಹಾಕಿಕೊಂಡು 'ಪಿಐಎಲ್' ಅಂತ ಇಂಪೋರ್ಟ್ ಮಾಡಬೇಕು. 'ಓಪನ್‌ಸಿವಿ-ಪೈಥಾನ್' ಹಾಕಿಕೊಂಡು 'ಸಿವಿ2' ಅನ್ನಬೇಕು. 'ಪೈಯಾಮಲ್' ಹಾಕಿಕೊಂಡು 'ಯಾಮಲ್'. 'ಬ್ಯೂಟಿಫುಲ್‌ಸೂಪ್4' ಹಾಕಿಕೊಂಡು 'ಬಿಎಸ್4'. 'ಸೈಕಿಟ್-ಲರ್ನ್' ಹಾಕಿಕೊಂಡು 'ಎಸ್‌ಕೆಲರ್ನ್'. ಮನೆಯಲ್ಲಿ ಪುಟ್ಟಿ ಅಂತ ಕರೆಯೋ ಹುಡುಗಿಯನ್ನ ಶಾಲೆಯ ಹಾಜರಿ ಪುಸ್ತಕದಲ್ಲಿ ಪುಟ್ಟಿ ಅಂತ ಹುಡುಕಿದರೆ ಸಿಗ್ತಾಳಾ? ಒಂದೊಂದಕ್ಕೂ ಒಂದೊಂದು ಚರಿತ್ರೆ ಇದೆ, ಒಪ್ಕೋತೀನಿ. ಪಿಐಎಲ್ ಅನ್ನೋ ಹಳೇ ಲೈಬ್ರರಿ 2009ರ ನಂತರ ನಿಂತುಹೋಯ್ತು, ಅದನ್ನ ಮುಂದುವರಿಸಿದವರು ಹಳೇ ಕೋಡು ಒಡೆಯಬಾರದು ಅಂತ ಒಳಗಿನ ಹೆಸರು ಉಳಿಸಿಕೊಂಡರು. ಒಳ್ಳೇ ಮನಸ್ಸಿನ ಕೆಲಸವೇ. ಆದರೆ ಎರರ್ ಸಂದೇಶದಲ್ಲಿರೋ ಹೆಸರನ್ನೇ ಪಿಪ್‌ಗೆ ಕೊಟ್ಟ ಹೊಸಬನಿಗೆ ಆ ಚರಿತ್ರೆ ಹೇಳೋರು ಯಾರು? 'ಎಸ್‌ಕೆಲರ್ನ್' ಅಂತಲೇ ಇನ್‌ಸ್ಟಾಲ್ ಮಾಡೋರು ಎಷ್ಟು ಜನ ಇದ್ದರು ಅಂದರೆ ಆ ಹೆಸರಲ್ಲೂ ಒಂದು ಪ್ಯಾಕೇಜ್ ಇಟ್ಟಿದ್ದರು. 2022ರ ಡಿಸೆಂಬರಿನಿಂದ ಅದನ್ನ ಹಂತ ಹಂತವಾಗಿ ನಿಲ್ಲಿಸಿ, ಈಗ ಆ ಹೆಸರು ಕೊಟ್ಟರೆ ಸರಿಯಾದ ಹೆಸರು ಹೇಳಿ ವಾಪಸ್ ಕಳಿಸ್ತಾರೆ.

ಇದು ಬರೀ ಕಿರಿಕಿರಿ ವಿಷಯ ಅಲ್ಲ. 2017ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಸಂಸ್ಥೆಯವರು, ಜನಪ್ರಿಯ ಮಾಡ್ಯೂಲುಗಳ ಹೆಸರನ್ನ ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಕಿಡಿಗೇಡಿಗಳು ಸೇರಿಸಿದ್ದ ಪ್ಯಾಕೇಜುಗಳನ್ನ ಪತ್ತೆ ಹಚ್ಚಿದರು. 'ಯುಆರ್‌ಎಲ್‌ಲಿಬ್3' ಅನ್ನೋದರಲ್ಲಿ ಒಂದು 'ಎಲ್' ಬಿಟ್ಟು ಬರೆದ ಹೆಸರೂ ಅದರಲ್ಲಿತ್ತು. ಐದು ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟ್ ಇರೋ ಸಂತೆಯಲ್ಲಿ 'ಊಹೆ ಮಾಡಿ ಹೆಸರು ಹೊಡೆದು ನೋಡು' ಅಂತ ಮಕ್ಕಳನ್ನ ಬಿಡೋದು ಅಂದರೆ ಇದೇ.

ಮೂರು, ನಿಮ್ಮ ಫೈಲಿನ ಹೆಸರೇ ನಿಮಗೆ ಶತ್ರು ಆಗೋದು. ಚೀಟಿಯ ಮೊದಲ ಬೀದಿ ನಿಮ್ಮದೇ ಫೋಲ್ಡರು ಅಂದೆನಲ್ಲ, ಅಲ್ಲಿ ನೀವು ಇಟ್ಟ ಫೈಲಿನ ಹೆಸರೂ ಮಾಡ್ಯೂಲಿನ ಹೆಸರೂ ಒಂದೇ ಆಗಿಬಿಟ್ಟರೆ ಪೋಸ್ಟ್‌ಮ್ಯಾನ್ ನಿಮ್ಮ ಮನೆಗೇ ಕಾಗದ ಹಾಕಿ ಹೋಗ್ತಾನೆ. ರ‍್ಯಾಂಡಮ್ ಬಗ್ಗೆ ಪಾಠ ಕೇಳಿದವರು ಫೈಲಿಗೆ ರ‍್ಯಾಂಡಮ್ ಅಂತಲೇ ಹೆಸರಿಡ್ತಾರೆ. ಅದಕ್ಕಿಂತ ಸಹಜವಾದದ್ದು ಏನಿದೆ ಹೇಳಿ?

ನಾಲ್ಕು, ಎರಡು ಮೂರು ಫೈಲುಗಳ ಪ್ರಾಜೆಕ್ಟ್ ಮಾಡಿದಾಗ ಬರೋದು. ಒಳಗಿನ ಫೋಲ್ಡರಿನ ಫೈಲನ್ನ ನೇರವಾಗಿ ಓಡಿಸಿದರೆ ಚೀಟಿಯ ಮೊದಲ ಬೀದಿ ಆ ಒಳಗಿನ ಫೋಲ್ಡರೇ ಆಗಿಬಿಡುತ್ತೆ. ಹೊರಗಿನ ಫೋಲ್ಡರು ಪಟ್ಟಿಯಲ್ಲೇ ಇರಲ್ಲ. ನಿನ್ನೆ ಓಡಿದ ಕೋಡು ಇವತ್ತು ಓಡಲ್ಲ, ಕೋಡಿನ ಒಂದಕ್ಷರವೂ ಬದಲಾಗಿಲ್ಲ. 'ಅಟೆಂಪ್ಟೆಡ್ ರಿಲೇಟಿವ್ ಇಂಪೋರ್ಟ್ ವಿತ್ ನೋ ನೋನ್ ಪೇರೆಂಟ್ ಪ್ಯಾಕೇಜ್' ಅಂತ ಸಂದೇಶ ಬರುತ್ತೆ. ಅನಾಥಾಲಯದ ನೋಟಿಸ್ ಇದ್ದ ಹಾಗಿದೆ. ಹೊರಗಿನ ಫೋಲ್ಡರಿನಲ್ಲಿ ನಿಂತು 'ಮೈನಸ್ ಎಂ' ಹಾಕಿ ಓಡಿಸಿದರೆ ಸರಿ ಹೋಗುತ್ತೆ. ಯಾಕೆ ಅಂತ ಚೀಟಿಯ ಕಥೆ ಗೊತ್ತಿದ್ದವರಿಗೆ ಅರ್ಥ ಆಗುತ್ತೆ. ಗೊತ್ತಿಲ್ಲದವರಿಗೆ ಅದು ಮಂತ್ರ.

ಇದನ್ನೆಲ್ಲ ಯಾಕೆ ಇಷ್ಟು ಬಿಸಿಯಾಗಿ ಬರೀತಿದ್ದೀನಿ ಅಂದರೆ, ಇದರಿಂದ ಏನು ಹಾಳಾಗುತ್ತೆ ಅಂತ ಹತ್ತಿರದಿಂದ ನೋಡಿದೆ. ನನ್ನ ಚಿಕ್ಕಪ್ಪನ ಮಗಳು, ತೀರ್ಥಹಳ್ಳಿ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಬಿಎಸ್ಸಿ. ಲೆಕ್ಕದಲ್ಲಿ ನನಗಿಂತ ಚುರುಕು. ಒಂದು ದಿನ ಫೋನ್ ಮಾಡಿ, "ಅಣ್ಣಾ, ಈ ಕಂಪ್ಯೂಟರ್ ನನ್ನ ತಲೆಗೆ ಹತ್ತೋದಲ್ಲ. ಡಿಗ್ರಿ ಮುಗಿಸಿ ಬಿಎಡ್ ಮಾಡ್ತೀನಿ" ಅಂದಳು. ಟೀಚರ್ ಆಗೋದು ಒಳ್ಳೇದೇ. ಆದರೆ ಆಗಬೇಕು ಅನ್ನಿಸಿ ಆಗಬೇಕು, ಇನ್ನೊಂದು ಬಾಗಿಲು ಮುಖಕ್ಕೆ ಬಡಿದುಕೊಂಡಿತು ಅಂತ ಅಲ್ಲ.

ಏನಾಯ್ತೇ ಅಂದರೆ, ದಾಳ ಉರುಳಿಸೋ ಒಂದು ಚಿಕ್ಕ ಆಟ ಬರೆದಿದ್ದಾಳೆ. ಫೈಲಿನ ಹೆಸರು 'ರ‍್ಯಾಂಡಮ್ ಡಾಟ್ ಪಿವೈ'. ಅದರೊಳಗೆ ರ‍್ಯಾಂಡಮ್‌ನಿಂದ 'ರ‍್ಯಾಂಡ್‌ಇಂಟ್' ಇಂಪೋರ್ಟ್. ಪೈಥಾನ್ ಆ ಹೆಸರನ್ನ ಹುಡುಕಿಕೊಂಡು ಹೋಗಿ ಅವಳ ಫೈಲನ್ನೇ ಹಿಡಿದು, ಅದು ಇನ್ನೂ ಪೂರ್ತಿ ಓಡಿಲ್ಲವಲ್ಲ, 'ಅರ್ಧ ಶುರುವಾದ ರ‍್ಯಾಂಡಮ್ ಮಾಡ್ಯೂಲಿನಿಂದ ರ‍್ಯಾಂಡ್‌ಇಂಟ್ ತರೋಕಾಗಲ್ಲ, ಬಹುಶಃ ಸರ್ಕ್ಯುಲರ್ ಇಂಪೋರ್ಟ್ ಇರಬೇಕು' ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಪುಸ್ತಕದಲ್ಲಿ ಸರ್ಕ್ಯುಲರ್ ಇಂಪೋರ್ಟ್ ಅನ್ನೋ ಪದವೇ ಇಲ್ಲ. ಸೀನಿಯರ್ ಒಬ್ಬ "ಪೈಥಾನ್ ರೀಇನ್‌ಸ್ಟಾಲ್ ಮಾಡು" ಅಂದಿದ್ದಾನೆ. ಹಳೇದನ್ನ ತೆಗೆಯದೆ ಇನ್ನೊಂದು ಹಾಕಿದ್ದಾಳೆ. ಹೋಗಿಲ್ಲ. ಇನ್ನೊಬ್ಬರು "ಅನಕೊಂಡ ಹಾಕು, ಎಲ್ಲಾ ಸರಿಹೋಗುತ್ತೆ" ಅಂದಿದ್ದಾರೆ. ಹತ್ತಿರ ಹತ್ತಿರ ಒಂದು ಜಿಬಿ, ಮೊಬೈಲಿನ ದಿನದ ಡೇಟಾ ಅದಕ್ಕೇ ಮುಗಿದಿದೆ. ಅದೂ ಹೋಗಿಲ್ಲ, ಯಾಕಂದರೆ ತೊಂದರೆ ಇದ್ದದ್ದು ಅವಳ ಫೈಲಿನ ಹೆಸರಲ್ಲಿ! ಈಗ ಲ್ಯಾಪ್‌ಟಾಪಿನಲ್ಲಿ ಮೂರು ಪೈಥಾನ್. ಪಿಪ್ ಮಾಡಿದ ಪ್ಯಾಂಡಾಸ್ ಒಂದಕ್ಕೆ ಹೋಗಿದೆ, ಎಡಿಟರ್ ಓಡಿಸ್ತಿರೋದು ಇನ್ನೊಂದನ್ನ. ಇದ್ದ ಒಂದು ಎರರಿನ ಜೊತೆ ಇನ್ನೊಂದು. ಎರಡು ವಾರ ಹೀಗೇ ಕಳೆದಿದ್ದಾಳೆ.

ವಿಡಿಯೋ ಕಾಲಿನಲ್ಲಿ ಹದಿನೈದು ನಿಮಿಷ. ಫೈಲಿನ ಹೆಸರು 'ದಾಳ' ಅಂತ ಬದಲಾಯಿಸಿದಳು, ಆಟ ಓಡಿತು. ಎಡಿಟರಿನಲ್ಲಿ ಯಾವ ಪೈಥಾನ್ ಅಂತ ಆರಿಸಿದಳು, ಪ್ಯಾಂಡಾಸ್ ಬಂತು. ಇನ್ನೊಂದು ಮಜಾ ಏನು ಗೊತ್ತಾ? ಆ ಮೊದಲ ಎರರಿನ ಕಟ್ಟಕಡೆಯಲ್ಲಿ, ಆವರಣದೊಳಗೆ, ಅವಳದೇ ಫೈಲಿನ ವಿಳಾಸ ಇತ್ತು. ಪರಿಹಾರ ಪರದೆ ಮೇಲೇ ಇತ್ತು. ಎರಡು ವಾರ ಸಲಹೆ ಕೊಟ್ಟವರಲ್ಲಿ ಒಬ್ಬರೂ "ಏನಂತ ಬಂದಿದೆ, ಪೂರ್ತಿ ಓದು ನೋಡೋಣ" ಅಂದಿರಲಿಲ್ಲ.

ಹಾಗಾಗಿ ನನ್ನ ಸಿಟ್ಟು ಪೈಥಾನಿಗಿಂತ ಜಾಸ್ತಿ ನಮ್ಮ ಮೇಲೆ, ಅಂದರೆ ಉತ್ತರ ಕೊಡೋ ಜಾತಿಯವರ ಮೇಲೆ. ಪೈಥಾನಿನವರು ನಿಧಾನವಾಗಿಯಾದರೂ ನೆಲ ಸಮ ಮಾಡ್ತಿದ್ದಾರೆ. ಮಾಡ್ಯೂಲ್ ಸಿಗಲಿಲ್ಲ ಅನ್ನೋದಕ್ಕೆ ಪ್ರತ್ಯೇಕ ಹೆಸರಿನ ಎರರ್ ಬಂದಿದ್ದೇ 2016ರ ಕೊನೆಯಲ್ಲಿ, 3.6 ಆವೃತ್ತಿಯಲ್ಲಿ. 2023ರ 3.12ರಲ್ಲಿ, ಇಂಪೋರ್ಟ್ ಮಾಡೋದನ್ನ ಮರೆತರೆ 'ಮರೆತ್ರಾ?' ಅಂತ ಕೇಳೋ ಹಾಗಾಯ್ತು. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ, ನಿಮ್ಮ ಫೈಲಿನ ಹೆಸರು ಪೈಥಾನಿನದೇ ಮಾಡ್ಯೂಲಿನ ಹೆಸರಿಗೆ ಡಿಕ್ಕಿ ಹೊಡೆದರೆ 'ಈ ಫೈಲಿನ ಹೆಸರು ಬದಲಾಯಿಸಿ ನೋಡಿ' ಅಂತ ವಿಳಾಸ ಸಮೇತ ಹೇಳುತ್ತೆ. ಮೂವತ್ತಮೂರು ವರ್ಷ ಬೇಕಾಯ್ತು, ಇರಲಿ, ಬಂತಲ್ಲ. ತಂಗಿಯ ಲ್ಯಾಪ್‌ಟಾಪಿನಲ್ಲಿ ಇಂಥ ಸುಳಿವು ಬಂದಿದ್ದರೆ ಎರಡು ವಾರ ಉಳೀತಿತ್ತು. ಭಾಷೆ ಕಟ್ಟಿದವರೇ ನೆಲ ಡೊಂಕು ಅಂತ ಒಪ್ಪಿಕೊಂಡು ಗಾರೆ ಹಾಕ್ತಿರುವಾಗ, ನಾವ್ಯಾಕೆ ಇನ್ನೂ ಗಾದೆ ಹೇಳಿಕೊಂಡು ಕೂತಿದ್ದೀವಿ?

ನಮ್ಮ ಉತ್ತರಗಳನ್ನೇ ನೋಡಿ. 'ಪಿಪ್ ಇನ್‌ಸ್ಟಾಲ್ ಹೊಡಿ.' ಹೊಡೆದಾಯ್ತು. 'ಸುಡೋ ಹಾಕಿ ಹೊಡಿ.' ಲಿನಕ್ಸಿನಲ್ಲಿ ಹಾಗೆ ಮಾಡಿದರೆ ಆಪರೇಟಿಂಗ್ ಸಿಸ್ಟಮ್ಮೇ ನಂಬಿಕೊಂಡಿರೋ ಪೈಥಾನಿನೊಳಗೆ ಕೈ ಹಾಕಿದ ಹಾಗೆ. ಅದಕ್ಕೇ 2023ರಿಂದ ಉಬುಂಟು 23.04, ಡೆಬಿಯನ್ 12ರಲ್ಲಿ 'ಇದು ಹೊರಗಿನವರು ನೋಡಿಕೊಳ್ಳೋ ಜಾಗ, ಇಲ್ಲಿ ಹಾಕಬೇಡಿ' ಅಂತ ಪಿಪ್ ತಡೆಯುತ್ತೆ. ಅದಕ್ಕೂ ನಮ್ಮಲ್ಲಿ ಉತ್ತರ ರೆಡಿ: 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನೋ ಆಪ್ಷನ್ ಸೇರಿಸಿ ಹೊಡಿ! ಹೆಸರಲ್ಲೇ 'ಒಡೆದುಹಾಕು' ಅಂತ ಬರೆದಿದೆ ಮಾರಾಯ್ರೇ. ವಿಷ ಅಂತ ಚೀಟಿ ಅಂಟಿಸಿದ ಬಾಟ್ಲಿಯನ್ನ 'ಕುಡಿ, ಏನೂ ಆಗಲ್ಲ' ಅಂತ ಕೊಡೋ ವೈದ್ಯರು ನಾವು.

ಪಾಠ ಹೇಳೋರ ಕಥೆಯೂ ಇದೇ. ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಮೊದಲೇ ಹಾಕಿಟ್ಟಿರ್ತಿದ್ದರು. ಹೋಗೋದು, ಮ್ಯಾನ್ಯುಯಲ್ ನೋಡಿ ಟೈಪ್ ಮಾಡೋದು, ಔಟ್‌ಪುಟ್ ತೋರಿಸೋದು, ರೆಕಾರ್ಡಿಗೆ ಸಹಿ ಹಾಕಿಸೋದು. ಸ್ವಂತ ಯಂತ್ರದಲ್ಲಿ ಶೂನ್ಯದಿಂದ ಶುರು ಮಾಡೋದು ಸಿಲಬಸ್ಸಿನಲ್ಲೂ ಇರಲಿಲ್ಲ, ವೈವಾದಲ್ಲೂ ಬರ್ತಿರಲಿಲ್ಲ. ಒಳ್ಳೇ ಪುಸ್ತಕಗಳಲ್ಲೂ ಇದಕ್ಕೆ ಹಿಂದಿನ ಬೆಂಚು. ಅಲ್ ಸ್ವೈಗಾರ್ಟ್ ಅವರ 'ಆಟೊಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್' 2015ರಲ್ಲಿ ಬಂದ ಸೊಗಸಾದ ಪುಸ್ತಕ, ಆನ್‌ಲೈನಿನಲ್ಲಿ ಉಚಿತವಾಗಿ ಓದಬಹುದು, ಹೊಸಬರಿಗೆ ನಾನೂ ಅದನ್ನೇ ಹೇಳೋದು. ಅದರಲ್ಲೂ ಹೊರಗಿನ ಮಾಡ್ಯೂಲ್ ಹಾಕಿಕೊಳ್ಳೋ ವಿಷಯ ಇರೋದು ಅನುಬಂಧದಲ್ಲಿ. ಮನೆ ಕಟ್ಟೋದನ್ನ ಮುನ್ನೂರು ಪುಟ ಹೇಳಿ, ಸೈಟಿಗೆ ಹೋಗೋ ದಾರಿಯನ್ನ ಕೊನೇ ಪುಟದಲ್ಲಿ ಬರೆದ ಹಾಗಾಗಲ್ವಾ?

ಇನ್ನು 'ನಾವೂ ಹೀಗೇ ಒದ್ದಾಡಿ ಕಲ್ತಿದ್ದು, ಒದ್ದಾಡಿದರೇ ಗಟ್ಟಿ ಆಗೋದು' ಅನ್ನೋರು. ಅತ್ತೆ ಕಾಟ ತಿಂದ ಸೊಸೆ ತಾನು ಅತ್ತೆಯಾದ ಮೇಲೆ ಹೇಳೋ ಮಾತು ಇದು. ಒದ್ದಾಟದಲ್ಲಿ ಎರಡು ಥರ ಇದೆ. ಲೂಪ್ ಯಾಕೆ ನಿಲ್ತಿಲ್ಲ ಅಂತ ರಾತ್ರಿ ಎಲ್ಲ ತಲೆ ಕೆಡಿಸಿಕೊಂಡರೆ ಬೆಳಗಾಗೋದರೊಳಗೆ ಲೂಪ್ ಅರ್ಥ ಆಗಿರುತ್ತೆ. ಮೂರು ಸಲ ರೀಇನ್‌ಸ್ಟಾಲ್ ಮಾಡಿ ಅದೃಷ್ಟಕ್ಕೆ ಓಡಿದರೆ ಏನು ಕಲಿತ ಹಾಗಾಯ್ತು? ಇಷ್ಟಕ್ಕೂ ಒದ್ದಾಡಿ ಗೆದ್ದವರು ಮಾತ್ರ ಈ ಮಾತು ಹೇಳೋಕೆ ಉಳಿದಿರ್ತಾರೆ. ಬಿಟ್ಟು ಹೋದವರು ಬ್ಲಾಗ್ ಬರೆಯಲ್ಲ. ಪಕ್ಕದ ರೂಮಿನಲ್ಲಿ ಕೇಳೋಕೆ ಸೀನಿಯರ್ ಇರೋರು, ಮನೆಯಲ್ಲಿ ಎಂಜಿನಿಯರ್ ಅಣ್ಣ ಇರೋರು, ಇಂಗ್ಲಿಷನ್ನ ಸಲೀಸಾಗಿ ಓದೋರು ದಾಟಿಬಿಡ್ತಾರೆ. ಅದ್ಯಾವುದೂ ಇಲ್ಲದವರು ಜಾಣತನ ಕಮ್ಮಿ ಇದ್ದು ಹೋಗಲ್ಲ, ಹೇಳೋರಿಲ್ಲದೆ ಹೋಗ್ತಾರೆ.

'ಈಗ ಎಐ ಇದೆಯಲ್ಲ, ಅದನ್ನ ಕೇಳಲಿ' ಅನ್ನೋದು ಹೊಸ ವಾದ. ಕೇಳಲಿ, ನಾನೂ ಕೇಳ್ತೀನಿ. ಎರರನ್ನ ಕನ್ನಡದಲ್ಲಿ ವಿವರಿಸು ಅಂದರೆ ಚೆನ್ನಾಗೇ ವಿವರಿಸುತ್ತೆ. ಆದರೆ ನಿಮ್ಮ ಯಂತ್ರದೊಳಗೆ ಇಣುಕದ ಚಾಟಿಗೆ ಅಲ್ಲಿ ಮೂರು ಪೈಥಾನ್ ಇರೋದು ನೀವು ಹೇಳದೆ ಗೊತ್ತಾಗಲ್ಲ. ಹೇಳಬೇಕು ಅಂದರೆ ಅದು ಮುಖ್ಯ ಅಂತ ನಿಮಗೆ ಮೊದಲು ಗೊತ್ತಿರಬೇಕು. ಅಲ್ಲದೆ ಇಲ್ಲದ ಪ್ಯಾಕೇಜಿಗೆ ಹೆಸರು ಕಟ್ಟಿ ಹೇಳೋ ಚಾಳಿ ಇವಕ್ಕಿದೆ. ಅಂಥ ಹೆಸರಲ್ಲಿ ಕಳ್ಳ ಪ್ಯಾಕೇಜ್ ಸೇರಿಸಿ ಕಾಯೋ ಅಪಾಯಕ್ಕೆ 'ಸ್ಲಾಪ್‌ಸ್ಕ್ವಾಟಿಂಗ್' ಅನ್ನೋ ಹೆಸರೂ 2025ರಲ್ಲಿ ಓಡಾಡೋಕೆ ಶುರುವಾಯ್ತು. ಬ್ರೌಸರಿನಲ್ಲೇ ಓಡೋ ನೋಟ್‌ಬುಕ್ ಕೊಡೋದೂ ಒಳ್ಳೇದೇ, ಮೊದಲ ವಾರಕ್ಕೆ. ಎರಡನೇ ತಿಂಗಳೂ ಅಲ್ಲೇ ಕೂತರೆ ಈಜು ಕಲಿಯೋಕೆ ಬಚ್ಚಲಲ್ಲಿ ಕೂತ ಹಾಗೆ.

ಬೈದದ್ದು ಸಾಕು, ಮಾಡೋದೇನು ಅಂತಲೂ ಹೇಳ್ತೀನಿ. ಯಾರಾದರೂ ಇಂಪೋರ್ಟ್ ಎರರ್ ಅಂತ ಬಂದರೆ ಕಮಾಂಡ್ ಎಸೆಯೋ ಮೊದಲು ಮೂರು ಪ್ರಶ್ನೆ ಕೇಳಿ. (ಇಲ್ಲಿ ಓದೋ ಹಾಗೆ ಕನ್ನಡದಲ್ಲಿ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲೇ ಹೊಡೀರಿ :-) )

ಮೊದಲನೇದು, ಓಡ್ತಿರೋದು ಯಾವ ಪೈಥಾನ್? ತೊಂದರೆ ಕೊಡ್ತಿರೋ ಫೈಲಿನ ತಲೆಯಲ್ಲೇ ಸಿಸ್ ಇಂಪೋರ್ಟ್ ಮಾಡಿ 'ಸಿಸ್ ಡಾಟ್ ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿಸಿ. ಪೂರ್ತಿ ವಿಳಾಸ ಬರುತ್ತೆ. ಎರಡನೇದು, ಅದು ಎಲ್ಲೆಲ್ಲಿ ಹುಡುಕ್ತು? 'ಸಿಸ್ ಡಾಟ್ ಪಾತ್' ಪ್ರಿಂಟ್ ಮಾಡಿಸಿ. ಪರ್ಲ್ ತಾನಾಗೇ ಕೊಡೋ ಪಟ್ಟಿಯನ್ನ ನಾವು ಕೇಳಿ ಪಡೀಬೇಕು, ಅಷ್ಟೇ. ಮೂರನೇದು, ಸಿಕ್ಕಿದ್ದರೆ ಸಿಕ್ಕಿದ್ದು ಯಾವುದು? ಮಾಡ್ಯೂಲಿನ ಹೆಸರಿನ ಮುಂದೆ ಡಾಟ್, ಎರಡು ಅಂಡರ್‌ಸ್ಕೋರ್, 'ಫೈಲ್', ಮತ್ತೆ ಎರಡು ಅಂಡರ್‌ಸ್ಕೋರ್ ಬರೆದು ಪ್ರಿಂಟ್ ಮಾಡಿದರೆ ಯಾವ ಫೈಲಿಂದ ಬಂತು ಅಂತ ಹೇಳುತ್ತೆ. ನಿಮ್ಮದೇ ಫೋಲ್ಡರಿನ ವಿಳಾಸ ಬಂದರೆ ಕಳ್ಳ ಮನೆಯಲ್ಲೇ ಇದ್ದಾನೆ.

ಇನ್‌ಸ್ಟಾಲ್ ಮಾಡಿಸುವಾಗ ಬರೀ 'ಪಿಪ್' ಅನ್ನೋದನ್ನ ಬಿಟ್ಟು 'ಪೈಥಾನ್ ಮೈನಸ್ ಎಂ ಪಿಪ್ ಇನ್‌ಸ್ಟಾಲ್' ಅಂತಲೇ ರೂಢಿ ಮಾಡಿಸಿ. ಯಾವ ಪೈಥಾನಿಗೆ ಹೇಳ್ತೀರೋ ಅದಕ್ಕೇ ಹೋಗುತ್ತೆ, ಅಕ್ಕಿ ತಂದ ಮನೆಯಲ್ಲೇ ಒಲೆ. ಪ್ರಾಜೆಕ್ಟಿಗೊಂದು ಬೇರೆ ಅಡುಗೆಮನೆ ಮಾಡಿಕೊಳ್ಳೋ 'ವಿಎನ್ವ್' 2012ರ 3.3 ಆವೃತ್ತಿಯಿಂದ ಪೈಥಾನ್ ಜೊತೆಗೇ ಬರುತ್ತೆ. ಮೂರನೇ ಪಾಠದಲ್ಲೇ ಅದನ್ನ ಹೇಳಿಕೊಡಿ. ವಿಂಡೋಸಿನ ಪವರ್‌ಶೆಲ್ ಅದನ್ನ ಆಕ್ಟಿವೇಟ್ ಮಾಡೋಕೆ ಬಿಡದೆ ತಕರಾರು ಮಾಡಿದರೆ, ಆ ಫೋಲ್ಡರಿನೊಳಗಿನ ಪೈಥಾನನ್ನೇ ಪೂರ್ತಿ ವಿಳಾಸ ಕೊಟ್ಟು ಓಡಿಸಬಹುದು. ಆಕ್ಟಿವೇಟ್ ಮಾಡಲೇಬೇಕು ಅಂತೇನಿಲ್ಲ. 2024ರಲ್ಲಿ ಬಂದ 'ಯುವಿ'ಯಂಥ ಸಾಧನಗಳು ಈ ಕೆಲಸವನ್ನ ಇನ್ನೂ ಹಗುರ ಮಾಡಿವೆ. ಆದರೆ ಸಾಧನ ಯಾವುದೇ ಇರಲಿ, ಚೀಟಿ ಮತ್ತು ಬೀದಿಗಳ ಕಥೆ ಒಂದು ಸಲ ಹೇಳಿಬಿಡಿ. ಐದು ನಿಮಿಷ ಸಾಕು. 'ಮೊದಲ ದಿನವೇ ಇದೆಲ್ಲ ಯಾಕೆ, ತಲೆ ತಿರುಗುತ್ತೆ' ಅನ್ನೋರು, ಆ ಐದು ನಿಮಿಷವನ್ನ ಎರಡು ವಾರದ ಜೊತೆ ತೂಗಿ ನೋಡಲಿ.

ಕೊನೆಗೆ ನಮ್ಮ ಬ್ಲಾಗಿಗರಿಗೊಂದು ಕೋರಿಕೆ. ಕನ್ನಡದಲ್ಲಿ ಪೈಥಾನ್ ಅಂತ ಯಾರಾದರೂ ಬರೆಯೋಕೆ ಕೂತರೆ ಮೊದಲ ಪಾಠ 'ಹಲೋ ವರ್ಲ್ಡ್', ಎರಡನೇದು ವೇರಿಯಬಲ್, ಮೂರನೇದು ಬರೋದೇ ಇಲ್ಲ (ನಾವು ಶುರು ಮಾಡಿದ ಸರಣಿಗಳ ಗತಿ ನಮಗೆ ಗೊತ್ತಿದ್ದದ್ದೇ!). ಬರೆಯೋದಾದರೆ ಎರರುಗಳ ಬಗ್ಗೆ ಬರೀರಿ. ಒಂದು ಪೋಸ್ಟಿಗೆ ಒಂದು ಎರರು. ಏನಂತ ಬರುತ್ತೆ, ಯಾಕೆ ಬರುತ್ತೆ, ಏನು ನೋಡಬೇಕು, ಇಷ್ಟೇ. ಸರಣಿ ಅಂತ ಹೆಸರಿಡಬೇಡಿ, ನಿಂತರೂ ಬೇಜಾರಿಲ್ಲ. ಲೂಪ್ ಕಲಿಸೋಕೆ ಜಗತ್ತಿನಲ್ಲಿ ಸಾವಿರ ಪುಸ್ತಕ ಇವೆ. ರಾತ್ರಿ ಹನ್ನೊಂದು ಗಂಟೆಗೆ ಕೆಂಪಕ್ಷರ ನೋಡಿಕೊಂಡು ಒಬ್ಬಳೇ ಕೂತಿರೋ ಹುಡುಗಿಗೆ 'ತಪ್ಪು ನಿನ್ನದಲ್ಲ, ಚೀಟಿ ತೆಗೆದು ನೋಡು' ಅಂತ ಅವಳ ಭಾಷೆಯಲ್ಲಿ ಹೇಳೋ ಪುಟ ಹುಡುಕಿದರೂ ಸಿಗೋದು ಕಷ್ಟ.

ಒಪ್ಪದವರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಸ್ವಾಗತ. ಆದರೆ ಗಾದೆ ಹೇಳೋ ಮೊದಲು ಒಂದು ಸಲ ನೆಲಕ್ಕೆ ಮಟ್ಟಗೋಲು ಇಟ್ಟು ನೋಡಿ. ಏನಂತೀರಿ?